‘ಇಂಗ್’ ರೂಪಕ್ಕೆ ಕಾಲ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ರಿಲೇಟಿವ್ ಕ್ಲಾಸನ್ನು (‘ಹೂ’, ‘ವಿಚ್’ ಮುಂತಾದವುಗಳಿಂದ ತೊಡಗಿ ನಾಮಪದವನ್ನು ವಿಶೇಷಿಸುವ ಉಪವಾಕ್ಯವನ್ನು) ಪಾರ್ಟಿಸಿಪಲ್ ಫ್ರೇಜ್ (‘ಸಿಂಗಿಂಗ್’, ‘ಬಿಲ್ಟ್’ ಎಂಬಂಥ ರೂಪದಿಂದ ತೊಡಗುವ ಪದಗುಚ್ಛ) ಆಗಿ ಬದಲಿಸುವಾಗ ‘ಹೂ ಈಸ್ ಸಿಂಗಿಂಗ್’ ಎಂಬುದೂ ‘ಹೂ ವಾಸ್ ಸಿಂಗಿಂಗ್’ ಎಂಬುದೂ ಒಂದೇ ‘ಸಿಂಗಿಂಗ್’ ಆಗಿಬಿಡುತ್ತದೆ. ಹಾಗಾದರೆ ಓದುವವರಿಗೆ ಕಾಲ ತಿಳಿಯುವುದು ಹೇಗೆ? ಇನ್ನೊಂದು ವಿಷಯ. ನನ್ನ ವಿದ್ಯಾರ್ಥಿನಿಯೊಬ್ಬಳು ‘ದಿ ಆಫೀಸರ್ ವಿಸಿಟಿಂಗ್ ಅವರ್ ಸ್ಕೂಲ್ ಯೆಸ್ಟರ್‌ಡೇ ಹ್ಯಾಸ್ ಬೀನ್ ಟ್ರಾನ್ಸ್‌ಫರ್ಡ್’ ಎಂದು ಬರೆದಿದ್ದಳು. ಹಿರಿಯ ಶಿಕ್ಷಕರೊಬ್ಬರು ಅದನ್ನು ತಪ್ಪೆಂದರು, ಕಾರಣ ಹೇಳಲಿಲ್ಲ. ‘ವಿಸಿಟಿಂಗ್’ ಬದಲು ‘ವಿಸಿಟೆಡ್’ ಎಂದರೆ ಸರಿಯಾಗುವುದೇ?

ಉತ್ತರ: ಹಿರಿಯ ಶಿಕ್ಷಕರ ಮಾತು ಸರಿಯಾಗಿದೆ. ‘ವಿಸಿಟಿಂಗ್’ ತೆಗೆದು ‘ವಿಸಿಟೆಡ್’ ಹಾಕಿದರೂ ವಾಕ್ಯ ಸರಿಹೋಗುವುದಿಲ್ಲ. ಒಂದು ತಪ್ಪು ಹೋಗಿ ಇನ್ನೊಂದು ಬರುತ್ತದೆ. ಅಲ್ಲಿ ‘ದಿ ಆಫೀಸರ್ ಹೂ ವಿಸಿಟೆಡ್ ಅವರ್ ಸ್ಕೂಲ್ ಯೆಸ್ಟರ್‌ಡೇ’ ಎಂದು ರಿಲೇಟಿವ್ ಕ್ಲಾಸನ್ನು ಪೂರ್ತಿಯಾಗಿ ಉಳಿಸಿಕೊಳ್ಳಬೇಕು. ಆದರೆ ನಿಮ್ಮ ವಿದ್ಯಾರ್ಥಿನಿಯ ತಪ್ಪು ಅಜಾಗರೂಕತೆಯದು ಎಂದು ನಾನು ಭಾವಿಸುವುದಿಲ್ಲ. ಅವಳು ಕನ್ನಡದ ಕೃದಂತವನ್ನು, ಅಂದರೆ ‘ಬಂದ’, ‘ಹಾಡುವ’ ಎಂಬಂತೆ ಕ್ರಿಯಾಪದದಿಂದಾದ ವಿಶೇಷಣ ರೂಪವನ್ನು, ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್ ಬರೆದಿದ್ದಾಳೆ. ಎರಡೂ ಭಾಷೆಗಳ ಕೃದಂತಗಳು ನಾಮಪದವನ್ನು ವಿಶೇಷಿಸುವ ಕೆಲಸವನ್ನೇ ಮಾಡುತ್ತವೆಯಾದರೂ, ಕನ್ನಡದ ಕೃದಂತ ಕಾಲವನ್ನು ತಿಳಿಸಿ ಕರ್ತರಿ ಕರ್ಮಣಿಗಳ (ಆ ನಾಮಪದ ಕೆಲಸ ಮಾಡಿದ್ದೋ, ಕೆಲಸಕ್ಕೆ ಒಳಗಾದದ್ದೋ ಎಂಬುದರ) ವಿಷಯದಲ್ಲಿ ಸುಮ್ಮನಿರುತ್ತದೆ, ಇಂಗ್ಲಿಷಿನದು ಕರ್ತರಿಯೋ ಕರ್ಮಣಿಯೋ ಎಂಬುದನ್ನು ತಿಳಿಸಿ ಕಾಲದ ವಿಷಯದಲ್ಲಿ ಸುಮ್ಮನಿರುತ್ತದೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ.

ಕನ್ನಡದಲ್ಲಿ ‘ಹಾಡುವ ಹುಡುಗಿ’, ‘ಹಾಡಿದ ಹುಡುಗಿ’, ‘ಹಾಡದ ಹುಡುಗಿ’ ಎಂಬ ಮೂರು ರೂಪಗಳನ್ನು ನಾವು ಶಾಲೆಯಲ್ಲೇ ಕಲಿಯುತ್ತೇವೆ. ಇವುಗಳ ಜೊತೆಗೆ ‘ಹಾಡುತ್ತಿರುವ’, ‘ಹಾಡುತ್ತಿದ್ದ’, ‘ಹಾಡಲಿರುವ’ ಎಂಬ ರೂಪಗಳೂ ಬಳಕೆಯಲ್ಲಿವೆ. ‘ವೇದಿಕೆಯ ಮೇಲೆ ಹಾಡುತ್ತಿದ್ದ ಹುಡುಗಿ’ ಎಂದು ಹೇಳಿ ಮಾತು ನಿಲ್ಲಿಸಿದರೂ, ಮುಖ್ಯ ಕ್ರಿಯಾಪದ ಇನ್ನೂ ಬಂದಿಲ್ಲದಿದ್ದರೂ, ಹಾಡು ಎಂದಿನದು ಎಂಬುದು ಕೇಳುಗರಿಗೆ ಆಗಲೇ ತಿಳಿದಿರುತ್ತದೆ. ಇಂಗ್ಲಿಷಿನಲ್ಲಿ ‘ದ ಗರ್ಲ್ ಸಿಂಗಿಂಗ್ ಆನ್ ದ ಸ್ಟೇಜ್’ ಎಂದು ಅಲ್ಲಿಗೇ ನಿಲ್ಲಿಸಿದರೆ ಕಾಲ ತಿಳಿಯುವುದೇ ಇಲ್ಲ. ಮುಂದೆ ‘ಲುಕ್ಸ್ ಟೈರ್ಡ್’ ಎಂದು ಬಂದಾಗ ಅದು ‘ಹಾಡುತ್ತಿರುವ’ ಆಗುತ್ತದೆ, ‘ಲುಕ್ಡ್ ಟೈರ್ಡ್’ ಎಂದು ಬಂದಾಗ ‘ಹಾಡುತ್ತಿದ್ದ’ ಆಗುತ್ತದೆ. ‘ಸಿಂಗಿಂಗ್’ ಎಂಬ ರೂಪದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಅದು ತನ್ನ ಕಾಲವನ್ನು ಮುಖ್ಯ ಕ್ರಿಯಾಪದದಿಂದ ಪಡೆದುಕೊಂಡಿರುತ್ತದೆ.

ಇಷ್ಟನ್ನು ಬಹಳ ಮಂದಿ ಶಿಕ್ಷಕರು ಹೇಳಿಕೊಡುತ್ತಾರೆ, ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳು ಮುಂದೆ ತೊಡಕಿಗೆ ಸಿಲುಕುತ್ತಾರೆ. ಬಾಗಿಲ ಬಳಿ ನಿಂತಿರುವವರನ್ನು ತೋರಿಸಿ ‘ದ ಮ್ಯಾನ್ ಸ್ಟಾಂಡಿಂಗ್ ಬೈ ದ ಡೋರ್ ಟಾಟ್ ಮಿ ಇನ್ ಕಾಲೇಜ್’ ಎಂದು ಹೇಳುವುದನ್ನು ನೋಡಿ. ಕಲಿಸಿದ್ದು ಹಿಂದೆ, ನಿಂತಿರುವುದು ಈಗ. ಮುಖ್ಯ ಕ್ರಿಯಾಪದ ಭೂತಕಾಲದ್ದಾದರೂ ‘ಸ್ಟಾಂಡಿಂಗ್’ ವರ್ತಮಾನದ್ದಾಗಿ ಉಳಿದಿದೆ, ಏಕೆಂದರೆ ಇಲ್ಲಿ ಅದು ಮಾತಾಡುವ ಗಳಿಗೆಯನ್ನು ಆಶ್ರಯಿಸಿದೆ. ‘ದ ಮೆನ್ ನೌ ಬಿಲ್ಡಿಂಗ್ ದಿಸ್ ರೋಡ್ ಕೇಮ್ ಫ್ರಮ್ ರಾಯಚೂರ್’ ಎಂಬ ವಾಕ್ಯದಲ್ಲಿ ‘ನೌ’ ಎಂಬ ಒಂದೇ ಪದ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ನಿಯಮವನ್ನು ಸ್ವಲ್ಪ ಅಗಲವಾಗಿ ಹೇಳಬೇಕು: ‘ಇಂಗ್’ ರೂಪ ಸೂಚಿಸುವ ಕ್ರಿಯೆಯು ಮುಖ್ಯ ಕ್ರಿಯೆ ನಡೆಯುವ ಹೊತ್ತಿನಲ್ಲಾಗಲಿ ಮಾತಾಡುವ ಹೊತ್ತಿನಲ್ಲಾಗಲಿ ಜಾರಿಯಲ್ಲಿರಬೇಕು. ಈ ಎರಡರಲ್ಲಿ ಯಾವುದು ಎಂಬುದನ್ನು ಸಂದರ್ಭವೋ ಕಾಲವಾಚಕ ಪದವೋ ತಿಳಿಸುತ್ತದೆ. ಮುಖ್ಯ ಕ್ರಿಯಾಪದ ಭವಿಷ್ಯತ್ತಿನದಾಗಿದ್ದಾಗ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ‘ದ ಗರ್ಲ್ ಸಿಂಗಿಂಗ್ ಆನ್ ದ ಸ್ಟೇಜ್ ವಿಲ್ ಗೆಟ್ ಅ ಪ್ರೈಜ್’ ಎಂದರೆ ಹುಡುಗಿ ಈಗ ಹಾಡುತ್ತಿದ್ದಾಳೆ ಎಂದು ಅರ್ಥವಾಗುತ್ತದೆ, ಆದರೆ ‘ಎನಿವನ್ ಕಮಿಂಗ್ ಲೇಟ್ ಟುಮಾರೋ ವಿಲ್ ನಾಟ್ ಬಿ ಅಲೌಡ್ ಇನ್’ ಎಂದಾಗ ‘ಕಮಿಂಗ್’ ನಾಳೆಯದೇ ಆಗಿರುತ್ತದೆ.

ಜಾರಿಯಲ್ಲಿರುವುದು ಎಂಬ ಮಾತನ್ನೂ ತುಸು ವಿವರಿಸಬೇಕು. ಕಲಬುರಗಿಯ ಬಸ್ ನಿಲ್ದಾಣದಲ್ಲಿ ‘ಬೀದರಿಗೆ ಹೋಗೋ ಬಸ್ ಎಲ್ಲಿ ನಿಂತದ?’ ಎಂದು ಕೇಳುವವರಿಗೆ ಆ ಬಸ್ಸು ಈಗ ಚಲಿಸುತ್ತಿಲ್ಲ ಎಂಬುದು ಗೊತ್ತೇ ಇರುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ‘ದ ಬಸ್ ಗೋಯಿಂಗ್ ಟು ಬೀದರ್ ಲೀವ್ಸ್ ಅಟ್ ಟೆನ್’ ಎಂದು ಹೇಳಬಹುದು. ಇಲ್ಲಿ ‘ಗೋಯಿಂಗ್’ ಎಂಬುದು ‘ವಿಚ್ ಈಸ್ ಗೋಯಿಂಗ್’ ಎಂಬುದರ ಸಂಕ್ಷೇಪವಾಗಬೇಕಿಲ್ಲ, ‘ವಿಚ್ ಗೋಸ್’ ಎಂಬುದಕ್ಕೂ ಅದೇ ರೂಪ ಸಲ್ಲುತ್ತದೆ. ‘ಕಂಟೇನ್’, ‘ಬಿಲಾಂಗ್’, ‘ನೋ’, ‘ವಾಂಟ್’ ಮುಂತಾದ ಸ್ಥಿತಿವಾಚಕ ಕ್ರಿಯಾಪದಗಳಲ್ಲಿ ಇದು ಎದ್ದು ಕಾಣುತ್ತದೆ. ‘ದಿಸ್ ಬ್ಯಾಗ್ ಈಸ್ ಕಂಟೇನಿಂಗ್ ತುರ್ ದಾಲ್’ ಎಂಬುದು ತಪ್ಪು. ‘ಅ ಬ್ಯಾಗ್ ಕಂಟೇನಿಂಗ್ ತುರ್ ದಾಲ್’ ಎಂಬುದು ಸರಿ. ‘ಹೂ ಈಸ್ ತೆಗೆದುಹಾಕಿ, ಉಳಿದದ್ದು ಪಾರ್ಟಿಸಿಪಲ್ ಫ್ರೇಜ್’ ಎಂಬ ಗೈಡುಗಳ ಸೂತ್ರ ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ. ಅದನ್ನು ಬಾಯಿಪಾಠ ಮಾಡಿದ ಮಕ್ಕಳು ತಿರುಗಿಸಿ ಬಿಡಿಸುವಾಗ ‘ಅ ಬ್ಯಾಗ್ ವಿಚ್ ಈಸ್ ಕಂಟೇನಿಂಗ್’ ಎಂದೇ ಬರೆಯುತ್ತಾರೆ, ಮತ್ತು ಆ ಅಭ್ಯಾಸ ಪದವಿ ತರಗತಿಯವರೆಗೂ ಬಿಡುವುದಿಲ್ಲ.

ಈಗ ನಿಮ್ಮ ವಿದ್ಯಾರ್ಥಿನಿಯ ವಾಕ್ಯಕ್ಕೆ ಬರೋಣ. ಅಧಿಕಾರಿ ಶಾಲೆಗೆ ಬಂದದ್ದು ನಿನ್ನೆ, ಮತ್ತು ಆ ಭೇಟಿ ನಿನ್ನೆಯೇ ಮುಗಿಯಿತು. ವರ್ಗಾವಣೆಯಾದದ್ದು ಆಮೇಲೆ. ಮಾತಾಡುತ್ತಿರುವುದು ಇವತ್ತು. ವರ್ಗಾವಣೆಯ ಹೊತ್ತಿಗೂ ಮಾತಿನ ಹೊತ್ತಿಗೂ ಭೇಟಿ ಜಾರಿಯಲ್ಲಿಲ್ಲ, ಆದ್ದರಿಂದ ‘ವಿಸಿಟಿಂಗ್’ ಎಂಬ ರೂಪಕ್ಕೆ ಆಶ್ರಯಿಸಲು ಯಾವ ಕಾಲವೂ ಸಿಗುವುದಿಲ್ಲ. ಒಂದೇ ಸಲ ನಡೆದು, ಮುಖ್ಯ ಕ್ರಿಯೆಗಿಂತ ಮೊದಲೇ ಮುಗಿದುಹೋದ ಘಟನೆಯನ್ನು ‘ಇಂಗ್’ ರೂಪದಿಂದ ಹೇಳಲಾಗದು. ‘ಯೆಸ್ಟರ್‌ಡೇ’ ಎಂದು ಸೇರಿಸಿದರೂ ಉಪಯೋಗವಿಲ್ಲ. ಆ ಪದ ಘಟನೆಯ ದಿನವನ್ನು ಹೇಳುತ್ತದೆಯೇ ಹೊರತು ಮುಗಿದ ಘಟನೆಯನ್ನು ಜಾರಿಯಲ್ಲಿರುವಂತೆ ಮಾಡಲಾರದು.

ಒಂದೇ ಪದವನ್ನು ಎರಡು ವಾಕ್ಯಗಳಲ್ಲಿಟ್ಟು ನೋಡಿದರೆ ಇದು ಮಕ್ಕಳಿಗೆ ಸುಲಭವಾಗಿ ಹೊಳೆಯುತ್ತದೆ. ‘ಅ ಸ್ಟೋನ್ ಫಾಲಿಂಗ್ ಫ್ರಮ್ ದ ರೂಫ್ ಇಂಜರ್ಡ್ ದ ಬಾಯ್’ ಎಂಬುದು ಒಳ್ಳೆಯ ಇಂಗ್ಲಿಷ್. ಕಲ್ಲು ಬಿದ್ದದ್ದು ಒಂದೇ ಸಲ, ಅದೂ ಹಿಂದೆ. ಆದರೂ ಬೀಳುತ್ತಿದ್ದ ಹೊತ್ತಿನಲ್ಲೇ ಅದು ಹುಡುಗನಿಗೆ ತಗುಲಿತು, ಎರಡು ಕ್ರಿಯೆಗಳೂ ಒಂದೇ ಕ್ಷಣದವು. ‘ದ ಸ್ಟೋನ್ ಫಾಲಿಂಗ್ ಫ್ರಮ್ ದ ರೂಫ್ ಯೆಸ್ಟರ್‌ಡೇ ಈಸ್ ಸ್ಟಿಲ್ ಲೈಯಿಂಗ್ ಇನ್ ದ ಯಾರ್ಡ್’ ಎಂಬುದು ಮಾತ್ರ ತಪ್ಪು. ಅಂಗಳದಲ್ಲಿ ಬಿದ್ದುಕೊಂಡಿರುವ ಕಲ್ಲು ಈಗ ಮಾಡಿನಿಂದ ಬೀಳುತ್ತಿಲ್ಲ. ಅಲ್ಲಿ ‘ದ್ಯಾಟ್ ಫೆಲ್’ ಎನ್ನಲೇಬೇಕು.

ರೂಢಿಯಾಗಿ ಮತ್ತೆ ಮತ್ತೆ ನಡೆಯುವ ಕ್ರಿಯೆಯಾದರೆ ಈ ಕಟ್ಟು ಸಡಿಲವಾಗುತ್ತದೆ. ‘ಸ್ಟೂಡೆಂಟ್ಸ್ ಕಮಿಂಗ್ ಲೇಟ್ ವರ್ ಮೇಡ್ ಟು ಸ್ಟಾಂಡ್ ಔಟ್‌ಸೈಡ್’ ಎಂಬಲ್ಲಿ ತಡವಾಗಿ ಬಂದದ್ದು ಮೊದಲು, ಹೊರಗೆ ನಿಂತದ್ದು ಆಮೇಲೆ. ಆದರೂ ವಾಕ್ಯ ಸರಿಯಾಗಿದೆ, ಏಕೆಂದರೆ ಅದು ತಡವಾಗಿ ಬರುವವರೆಂಬ ಒಂದು ವರ್ಗದ ಬಗ್ಗೆ ಹೇಳುತ್ತದೆಯೇ ಹೊರತು ಒಂದು ದಿನದ ಒಂದು ಘಟನೆಯ ಬಗ್ಗೆ ಅಲ್ಲ. ಕನ್ನಡದಲ್ಲೂ ಇಂಥ ಕಡೆ ನಾವು ‘ತಡವಾಗಿ ಬರುವವರನ್ನು ಹೊರಗೆ ನಿಲ್ಲಿಸುತ್ತಿದ್ದರು’ ಎಂದೇ ಹೇಳುತ್ತೇವೆ, ‘ಬಂದವರನ್ನು’ ಎಂದೇ ಹೇಳಬೇಕಾಗಿಲ್ಲ. ಹಿಂದೆ ಬಹುಕಾಲ ನಡೆದು ಈಗ ನಿಂತುಹೋದ ಕ್ರಿಯೆಯ ವಿಷಯದಲ್ಲಿ ಬರೆಯುವವರ ರೂಢಿ ಒಂದೇ ತೆರನಾಗಿಲ್ಲ. ‘ಹೋದ ತಿಂಗಳು ಇಲ್ಲಿ ಕೆಲಸ ಮಾಡುತ್ತಿದ್ದ ಗೌಂಡಿ ಈಗ ಹೈದರಾಬಾದಿನಲ್ಲಿದ್ದಾನೆ’ ಎಂಬುದಕ್ಕೆ ‘ದ ಮೇಸನ್ ವರ್ಕಿಂಗ್ ಹಿಯರ್ ಲಾಸ್ಟ್ ಮಂತ್’ ಎಂದು ಬರೆಯುವವರೂ ಇದ್ದಾರೆ. ಪರೀಕ್ಷೆಯಲ್ಲೂ ಕಚೇರಿಯ ಬರವಣಿಗೆಯಲ್ಲೂ ‘ಹೂ ವಾಸ್ ವರ್ಕಿಂಗ್’ ಎಂದೇ ಬರೆಯಲು ನಾನು ಹೇಳುತ್ತೇನೆ.

‘ವಿಸಿಟೆಡ್’ ಏಕೆ ಸಲ್ಲದು ಎಂಬುದು ಉಳಿದ ಪ್ರಶ್ನೆ. ಬೀದರಿನ ಮದರಸಾವನ್ನು ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ. ಕನ್ನಡದಲ್ಲಿ ನಾವು ‘ಮದರಸಾ ಕಟ್ಟಿಸಿದ ಮಂತ್ರಿ’ ಎನ್ನುತ್ತೇವೆ, ‘ಮಂತ್ರಿ ಕಟ್ಟಿಸಿದ ಮದರಸಾ’ ಎಂದೂ ಎನ್ನುತ್ತೇವೆ. ಒಂದರಲ್ಲಿ ವಿಶೇಷಿಸಲ್ಪಟ್ಟ ನಾಮಪದ ಕರ್ತೃ, ಇನ್ನೊಂದರಲ್ಲಿ ಕರ್ಮ; ‘ಕಟ್ಟಿಸಿದ’ ಎಂಬ ರೂಪ ಮಾತ್ರ ಎರಡಕ್ಕೂ ಒಂದೇ. ಇಂಗ್ಲಿಷಿನಲ್ಲಿ ‘ದ ಮದರಸಾ ಬಿಲ್ಟ್ ಬೈ ದ ಮಿನಿಸ್ಟರ್’ ಎಂದು ಹೇಳಬಹುದು, ಆದರೆ ‘ದ ಮಿನಿಸ್ಟರ್ ಬಿಲ್ಟ್ ದ ಮದರಸಾ’ ಎಂದರೆ ಅದು ಪಾರ್ಟಿಸಿಪಲ್ ಫ್ರೇಜ್ ಆಗದೆ ಪೂರ್ಣ ವಾಕ್ಯವೇ ಆಗಿಬಿಡುತ್ತದೆ. ನಾಮಪದದ ನಂತರ ಬರುವ ಪಾಸ್ಟ್ ಪಾರ್ಟಿಸಿಪಲ್ (‘ಬಿಲ್ಟ್’, ‘ವಿಸಿಟೆಡ್’ ಎಂಬಂಥ ರೂಪ) ಯಾವಾಗಲೂ ಕರ್ಮಣಿಯ ಅರ್ಥ ಕೊಡುತ್ತದೆ. ‘ದ ಸ್ಕೂಲ್ ವಿಸಿಟೆಡ್ ಬೈ ದಿ ಆಫೀಸರ್’ ಸರಿಯಾಗುವುದು, ‘ದಿ ಆಫೀಸರ್ ವಿಸಿಟೆಡ್ ಅವರ್ ಸ್ಕೂಲ್’ ಸರಿಯಾಗದಿರುವುದು ಇದರಿಂದಲೇ. ನಿಮ್ಮ ವಾಕ್ಯವನ್ನು ಹಾಗೆ ಬದಲಿಸಿದರೆ ಓದುಗರು ‘ವಿಸಿಟೆಡ್’ ಎಂಬುದನ್ನೇ ಮುಖ್ಯ ಕ್ರಿಯಾಪದವೆಂದು ತಿಳಿದು ಮುಂದೆ ಹೋಗಿ, ‘ಹ್ಯಾಸ್ ಬೀನ್’ ಬಂದಾಗ ಮುಗ್ಗರಿಸುತ್ತಾರೆ. ವ್ಯಾಕರಣದ ಪ್ರಕಾರ ಸರಿಯಾಗಿರುವ ವಾಕ್ಯದಲ್ಲೂ ಈ ಮುಗ್ಗರಿಕೆ ಉಂಟಾಗಬಹುದು. ಅಮೆರಿಕದ ಮನೋಭಾಷಾವಿಜ್ಞಾನಿ ಥಾಮಸ್ ಬೆವರ್ 1970ರಲ್ಲಿ ಮುಂದಿಟ್ಟ ‘ದ ಹಾರ್ಸ್ ರೇಸ್ಡ್ ಪಾಸ್ಟ್ ದ ಬಾರ್ನ್ ಫೆಲ್’ ಎಂಬ ವಾಕ್ಯ ಇದಕ್ಕೆ ಹೆಸರಾಂತ ಉದಾಹರಣೆ. ಕಣಜದ ಪಕ್ಕದಲ್ಲಿ ಓಡಿಸಲಾದ ಕುದುರೆ ಬಿತ್ತು ಎಂಬುದು ಅದರ ಅರ್ಥ. ಇಂಗ್ಲಿಷ್ ಮಾತೃಭಾಷೆಯವರೂ ‘ಫೆಲ್’ ಬಳಿ ತಡೆದು ಹಿಂದಕ್ಕೆ ಹೋಗಿ ಓದುತ್ತಾರೆ.

ಪಾಸ್ಟ್ ಪಾರ್ಟಿಸಿಪಲ್ ಕೂಡ ಭೂತಕಾಲಕ್ಕೆ ಕಟ್ಟುಬಿದ್ದಿಲ್ಲ. ‘ದ ಮಾಸ್ಕ್ ಬಿಲ್ಟ್ ಇನ್ 1367 ಸ್ಟಿಲ್ ಸ್ಟಾಂಡ್ಸ್ ಇನ್‌ಸೈಡ್ ದ ಫೋರ್ಟ್’ ಎಂದು ಕಲಬುರಗಿ ಕೋಟೆಯ ಜಾಮಿ ಮಸೀದಿಯ ಬಗ್ಗೆ ಬರೆದಾಗ ‘ಬಿಲ್ಟ್’ ಎಂಬುದು ಹಿಂದೆ ಮುಗಿದ ಕೆಲಸವನ್ನು ಹೇಳುತ್ತದೆ. ‘ದ ಬಿದ್ರಿ ವೇರ್ ಮೇಡ್ ಇನ್ ಬೀದರ್ ಈಸ್ ನೋನ್ ಫಾರ್ ಇಟ್ಸ್ ಸಿಲ್ವರ್ ಇನ್‌ಲೇ’ ಎಂಬಲ್ಲಿ ‘ಮೇಡ್’ ಎಂಬುದು ಇಂದಿಗೂ ನಡೆದಿರುವ ಕೆಲಸವನ್ನು ಹೇಳುತ್ತದೆ, ಕನ್ನಡದಲ್ಲಿ ಅದು ‘ಬೀದರಿನಲ್ಲಿ ತಯಾರಾಗುವ’ ಎಂದಾಗುತ್ತದೆ. ‘ದ ಕ್ವೆಶ್ಚನ್ಸ್ ಆಸ್ಕ್ಡ್ ಇನ್ ಟುಮಾರೋಸ್ ಎಗ್ಸಾಮ್ ವಿಲ್ ಬಿ ಈಜಿ’ ಎಂಬಲ್ಲಂತೂ ‘ಆಸ್ಕ್ಡ್’ ಎಂಬುದು ನಾಳೆಯದು. ಕರ್ಮಣಿಯಲ್ಲಿ ಮುಗಿದದ್ದು, ನಡೆಯುತ್ತಿರುವುದು, ನಡೆಯಬೇಕಾದದ್ದು ಎಂಬ ಭೇದವನ್ನು ತೋರಿಸಲೇಬೇಕಾದಾಗ ಇಂಗ್ಲಿಷ್ ಮೂರು ಬೇರೆ ರೂಪಗಳನ್ನು ಇಟ್ಟುಕೊಂಡಿದೆ. ನಿನ್ನೆ ನಡೆದ ಸಭೆ ‘ದ ಮೀಟಿಂಗ್ ಹೆಲ್ಡ್ ಯೆಸ್ಟರ್‌ಡೇ’, ಈಗ ನಡೆಯುತ್ತಿರುವುದು ‘ದ ಮೀಟಿಂಗ್ ಬೀಯಿಂಗ್ ಹೆಲ್ಡ್ ನೌ’, ನಾಳೆ ನಡೆಯಲಿರುವುದು ‘ದ ಮೀಟಿಂಗ್ ಟು ಬಿ ಹೆಲ್ಡ್ ಟುಮಾರೋ’. ನಮ್ಮ ಕಡೆಯ ಆಮಂತ್ರಣಗಳಲ್ಲೂ ಸುತ್ತೋಲೆಗಳಲ್ಲೂ ‘ದ ಮೀಟಿಂಗ್ ಹೆಲ್ಡ್ ಟುಮಾರೋ’ ಎಂದು ಕಾಣುವುದುಂಟು. ಅಲ್ಲಿ ‘ಟು ಬಿ’ ಎಂಬ ಎರಡು ಪದಗಳನ್ನು ಬಿಡಬಾರದು. ‘ಬೀಯಿಂಗ್’ ಸೇರಿದ ರೂಪ ಕೂಡ ಈಗಿನದೇ ಆಗಬೇಕೆಂದಿಲ್ಲ, ಮುಖ್ಯ ಕ್ರಿಯಾಪದ ಭೂತಕಾಲದ್ದಾದರೆ ಅದು ಆಗ ನಡೆಯುತ್ತಿದ್ದುದನ್ನು ಹೇಳುತ್ತದೆ.

ಅಕರ್ಮಕ ಕ್ರಿಯಾಪದಗಳಿಗೆ ಕರ್ಮಣಿ ಇಲ್ಲವಾದ್ದರಿಂದ ‘ನಿನ್ನೆ ರಾತ್ರಿ ಬಂದ ನೆಂಟರು’ ಎಂಬುದಕ್ಕೆ ‘ದ ಗೆಸ್ಟ್ಸ್ ಅರೈವ್ಡ್ ಲಾಸ್ಟ್ ನೈಟ್’ ಎಂದು ಬರೆದು ವಾಕ್ಯ ಮುಂದುವರಿಸಲಾಗದು, ‘ಹೂ ಅರೈವ್ಡ್’ ಎನ್ನಬೇಕು. ‘ಅ ರಿಟೈರ್ಡ್ ಟೀಚರ್’, ‘ಫಾಲನ್ ಲೀವ್ಸ್’, ‘ದ ನ್ಯೂಲಿ ಅರೈವ್ಡ್ ಗೆಸ್ಟ್ಸ್’ ಎಂಬಂಥ ಕೆಲವೇ ಪ್ರಯೋಗಗಳು ಇದಕ್ಕೆ ಅಪವಾದ. ಇವು ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುತ್ತವೆ.

ಮುಗಿದ ಕ್ರಿಯೆಯನ್ನು ಹೇಳಲು ‘ಹ್ಯಾವಿಂಗ್’ ಇದೆಯಲ್ಲ ಎಂದು ನೀವು ಕೇಳಬಹುದು. ಅರ್ಜಿ ಕರೆಯುವ ಪ್ರಕಟಣೆಗಳಲ್ಲಿ ‘ಕ್ಯಾಂಡಿಡೇಟ್ಸ್ ಹ್ಯಾವಿಂಗ್ ಅ ಡಿಗ್ರಿ’ ಎಂದಿರುವುದು ಸರಿ, ಅಲ್ಲಿ ‘ಹ್ಯಾವಿಂಗ್’ ಎಂದರೆ ‘ಹೊಂದಿರುವ’ ಎಂದಷ್ಟೇ ಅರ್ಥ. ‘ಕ್ಯಾಂಡಿಡೇಟ್ಸ್ ಹ್ಯಾವಿಂಗ್ ಪಾಸ್ಡ್ ದಿ ಎಗ್ಸಾಮ್’ ಎಂಬುದು ನಮ್ಮ ಕಚೇರಿಗಳಲ್ಲಿ ಬೇರೂರಿದ್ದರೂ, ಯಾವ ಅಭ್ಯರ್ಥಿಗಳು ಎಂದು ಗುರುತಿಸುವ ಕಡೆ ‘ಹೂ ಹ್ಯಾವ್ ಪಾಸ್ಡ್’ ಎಂಬುದೇ ಶಿಷ್ಟ ಪ್ರಯೋಗ. ‘ಹ್ಯಾವಿಂಗ್’ ತನ್ನ ಸ್ಥಾನದಲ್ಲಿ ನಿಲ್ಲುವುದು ‘ದ ಫಾರ್ಮರ್, ಹ್ಯಾವಿಂಗ್ ಸೋಲ್ಡ್ ಹಿಸ್ ಕ್ರಾಪ್, ವೆಂಟ್ ಹೋಮ್’ ಎಂಬಂಥ ವಾಕ್ಯಗಳಲ್ಲಿ, ಎರಡು ಅಲ್ಪವಿರಾಮಗಳ ನಡುವೆ. ಕನ್ನಡದಲ್ಲಿ ಇದು ‘ಬೆಳೆ ಮಾರಿದ ರೈತ’ ಆಗುವುದಿಲ್ಲ, ‘ರೈತ ಬೆಳೆ ಮಾರಿ ಮನೆಗೆ ಹೋದ’ ಎಂದಾಗುತ್ತದೆ. ಅಂದರೆ ಇಂಗ್ಲಿಷಿನ ‘ಹ್ಯಾವಿಂಗ್ ಸೋಲ್ಡ್’ ನಮ್ಮ ಕೃದಂತಾವ್ಯಯ ‘ಮಾರಿ’ಗೆ ಜೋಡಿ, ಕೃದಂತ ವಿಶೇಷಣ ‘ಮಾರಿದ’ಕ್ಕೆ ಅಲ್ಲ. ನಿಮ್ಮ ವಾಕ್ಯದಲ್ಲಿ ‘ದಿ ಆಫೀಸರ್, ಹ್ಯಾವಿಂಗ್ ವಿಸಿಟೆಡ್ ಅವರ್ ಸ್ಕೂಲ್’ ಎಂದು ಬರೆದರೆ ಯಾವ ಅಧಿಕಾರಿ ಎಂಬ ಗುರುತು ಹೋಗಿ, ನಮ್ಮ ಶಾಲೆಗೆ ಬಂದ ಕಾರಣಕ್ಕೇ ವರ್ಗವಾಯಿತೇನೋ ಎಂಬ ಅರ್ಥ ಇಣುಕತೊಡಗುತ್ತದೆ.

ಮೊದಲು, ಕೊನೆಯ ಎಂಬ ಪದಗಳು ಬಂದಾಗ ಮಾತ್ರ ಮುಗಿದ ಘಟನೆಯನ್ನೂ ಚಿಕ್ಕದಾಗಿ ಹೇಳುವ ದಾರಿಯಿದೆ. ‘ದ ಫಸ್ಟ್ ಸ್ಟೂಡೆಂಟ್ ಟು ರೀಚ್ ಸ್ಕೂಲ್ ಯೆಸ್ಟರ್‌ಡೇ’ ಎಂದರೆ ‘ನಿನ್ನೆ ಶಾಲೆಗೆ ಮೊದಲು ಬಂದ ವಿದ್ಯಾರ್ಥಿ’. ಇಲ್ಲಿ ‘ಟು’ ಇದ್ದರೂ ಅರ್ಥ ಭವಿಷ್ಯತ್ತಿನದಲ್ಲ.

ತರಗತಿಯಲ್ಲಿ ಇದನ್ನು ಕಲಿಸಲು ಕನ್ನಡವನ್ನೇ ಮುಂದಿಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ‘ದ ವಿಮೆನ್ ಪಿಕಿಂಗ್ ಕಾಟನ್ ಇನ್ ದ್ಯಾಟ್ ಫೀಲ್ಡ್’ ಎಂದು ಹಲಗೆಯ ಮೇಲೆ ಬರೆದು, ಮುಂದೆ ಒಮ್ಮೆ ‘ಆರ್ ಸಿಂಗಿಂಗ್’, ಒಮ್ಮೆ ‘ವರ್ ಸಿಂಗಿಂಗ್’, ಒಮ್ಮೆ ‘ಗೆಟ್ ದೇರ್ ವೇಜಸ್ ಎವ್ರಿ ಸಾಟರ್‌ಡೇ’ ಎಂದು ಸೇರಿಸಿ, ಮೂರನ್ನೂ ಕನ್ನಡದಲ್ಲಿ ಬರೆಯಲು ಹೇಳಿ. ಶಹಾಪುರದ ಮಕ್ಕಳಿಗೆ ಹತ್ತಿ ಬಿಡಿಸುವುದನ್ನು ವಿವರಿಸಬೇಕಾಗಿಲ್ಲ. ‘ಪಿಕಿಂಗ್’ ಒಂದೇ ಆಗಿದ್ದರೂ ಅವರ ಕನ್ನಡ ಕ್ರಮವಾಗಿ ‘ಬಿಡಿಸುತ್ತಿರುವ’, ‘ಬಿಡಿಸುತ್ತಿದ್ದ’, ‘ಬಿಡಿಸುವ’ ಎಂದು ತಾನಾಗಿ ಬದಲಾಗುತ್ತದೆ, ಮತ್ತು ಆ ಬದಲಾವಣೆಗೆ ಕಾರಣವಾದದ್ದು ಮುಖ್ಯ ಕ್ರಿಯಾಪದ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಆಮೇಲೆ ತಿರುಗಿಸಿ ಕನ್ನಡದಿಂದ ಇಂಗ್ಲಿಷಿಗೆ ಹೋಗಿ. ಕನ್ನಡದಲ್ಲಿ ‘ಬಿಡಿಸಿದ’, ‘ಬಂದ’, ‘ಕಟ್ಟಿಸಿದ’ ಎಂಬ ಭೂತ ಕೃದಂತವಿದ್ದು, ಮುಂದಿನ ನಾಮಪದ ಆ ಕೆಲಸ ಮಾಡಿದವರದಾಗಿದ್ದರೆ ‘ಹೂ’ ಉಳಿಸಿಕೊಳ್ಳಬೇಕು. ಆ ನಾಮಪದ ಕೆಲಸಕ್ಕೆ ಒಳಗಾದದ್ದಾಗಿದ್ದರೆ ಪಾಸ್ಟ್ ಪಾರ್ಟಿಸಿಪಲ್ ಬಳಸಬಹುದು: ‘ಹೆಂಗಸರು ಬಿಡಿಸಿದ ಹತ್ತಿ’ ಎಂಬುದು ‘ದ ಕಾಟನ್ ಪಿಕ್ಡ್ ಬೈ ದ ವಿಮೆನ್’ ಆಗುತ್ತದೆ. ‘ನಾನು ಹುಟ್ಟಿದ ಊರು’ ಎಂಬಂತೆ ನಾಮಪದ ಕರ್ತೃವೂ ಅಲ್ಲದ ಕರ್ಮವೂ ಅಲ್ಲದ ಕಡೆ ಪಾರ್ಟಿಸಿಪಲ್ ಫ್ರೇಜಿಗೆ ಎಡೆಯೇ ಇಲ್ಲ, ‘ವೇರ್ ಐ ವಾಸ್ ಬಾರ್ನ್’ ಎಂದೇ ಬರೆಯಬೇಕು.

ಈ ಪರೀಕ್ಷೆ ಕೈಕೊಡುವ ಒಂದು ಜಾಗವಿದೆ, ಅದನ್ನು ಮಕ್ಕಳಿಗೆ ಮುಂಚೆಯೇ ತಿಳಿಸಿರಬೇಕು. ಕುಳಿತುಕೊಳ್ಳುವುದು, ನಿಲ್ಲುವುದು, ಮಲಗುವುದು ಮುಂತಾದ ಭಂಗಿಗಳನ್ನು ಕನ್ನಡ ಭೂತ ಕೃದಂತದಿಂದಲೇ ಹೇಳುತ್ತದೆ: ‘ಕಟ್ಟೆಯ ಮೇಲೆ ಕುಳಿತ ಮುದುಕ’, ‘ನಿಂತ ಬಸ್ಸು’, ‘ಮಲಗಿದ ಮಗು’. ಕುಳಿತುಕೊಳ್ಳುವ ಕ್ರಿಯೆ ಮುಗಿದಿದೆ, ಕುಳಿತ ಸ್ಥಿತಿ ಮುಂದುವರಿದಿದೆ ಎಂದು ನಮ್ಮ ಭಾಷೆ ಎಣಿಸುತ್ತದೆ. ಇಂಗ್ಲಿಷ್ ಆ ಸ್ಥಿತಿಯನ್ನೇ ಕ್ರಿಯೆಯೆಂದು ಎಣಿಸಿ ‘ಇಂಗ್’ ರೂಪ ಬಳಸುತ್ತದೆ. ಮಳಖೇಡದಲ್ಲಿ ಕಾಗಿಣಾ ದಂಡೆಯ ಮೇಲೆ ನಿಂತ ಕೋಟೆ ‘ದ ಫೋರ್ಟ್ ಸ್ಟಾಂಡಿಂಗ್ ಆನ್ ದ ಬ್ಯಾಂಕ್ ಆಫ್ ದ ಕಾಗಿಣಾ’ ಆಗುತ್ತದೆ, ಕಟ್ಟೆಯ ಮೇಲೆ ಕುಳಿತ ಮುದುಕ ‘ದಿ ಓಲ್ಡ್ ಮ್ಯಾನ್ ಸಿಟ್ಟಿಂಗ್ ಆನ್ ದ ಪ್ಲಾಟ್‌ಫಾರ್ಮ್’ ಆಗುತ್ತಾನೆ. ‘ದಿ ಓಲ್ಡ್ ಮ್ಯಾನ್ ಸ್ಯಾಟ್ ಆನ್ ದ ಪ್ಲಾಟ್‌ಫಾರ್ಮ್’ ಎಂದು ಬರೆದು ವಾಕ್ಯ ಮುಂದುವರಿಸುವ ಮಕ್ಕಳಿಗೆ ‘ಕುಳಿತ’ ಎಂಬುದರ ಬದಲು ‘ಕುಳಿತಿರುವ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಲು ತಿಳಿಸಿ. ಆ ‘ಇರುವ’ ಸೇರಿಸಿದಾಗ ಕನ್ನಡದ ಅರ್ಥ ಕೆಡದಿದ್ದರೆ, ಮತ್ತು ಆ ಪದ ಇಂಥ ಭಂಗಿಯನ್ನೇ ಹೇಳುವಂಥದಾಗಿದ್ದರೆ, ಇಂಗ್ಲಿಷಿನಲ್ಲಿ ‘ಇಂಗ್’ ರೂಪವನ್ನು ನಿಶ್ಚಿಂತೆಯಿಂದ ಬಳಸಬಹುದು.